ನಾಣ್ಯದಷ್ಟು ಬರಿಮೈ

ದೋಣಿಯ ಮೇಲೆ ನಿಂತು ‘ನೆಲ’ ಎನ್ನುವುದು
ನಮ್ಮ ಕಸುಬಿನ ಒಂದು ತಮಾಷೆ.
ಕೆಳಗೆ ಅರವತ್ತು ಮಾರು ನೀರು,
ಅದರಡಿ ಯಾರೂ ಮೆಟ್ಟದ ಮರಳು;
ಆದರೂ ಕೇಳುತ್ತೇವೆ, ನೆಲ ಸಿಕ್ಕಿತೆ, ನೆಲ ಎಲ್ಲಿದೆ ಎಂದು,
ತಗಡಿನ ಪೆಟ್ಟಿಗೆಯೊಂದರ ಒಳಗೆ ಟಾರ್ಚು ಬಿಟ್ಟು.

ವೆಸ್ಟ್‌ಮನ್ನಾದ ಹೊಗ್ನಿಗೆ ಮೂರು ವಾರದಿಂದ
ಎಂಜಿನ್ ಹಚ್ಚಿದೊಡನೆ ಪರದೆ ತುಂಬ ಮೀನು.
ಓರೆ ಗೆರೆಗಳಾಗಿ, ಒಂದೇ ಅಂತರ ಬಿಟ್ಟು,
ಪ್ರಾರ್ಥನೆಗೆ ನಿಂತ ಶಾಲೆಮಕ್ಕಳ ಹಾಗೆ.
ಬಲೆ ಬಿಟ್ಟ. ಎಳೆದ. ನೀರು ಬಸಿಯಿತು.
ಮತ್ತೆ ಬಿಟ್ಟ.
ಎಂಜಿನ್ ನಿಲ್ಲಿಸಿದರೆ ಎಲ್ಲ ಮಾಯ.
“ನನ್ನ ಎಂಜಿನ್ ಸದ್ದೆಂದರೆ ಈ ಮೀನಿಗೆ ಪ್ರಾಣ, ಟೂರಿ,”
ಎಂದ ಫೋನಿನಲ್ಲಿ. ನಾನು ನಗಲಿಲ್ಲ.
ಡೀಸೆಲ್ಲಿನ ಬಿಲ್ಲು ನಗುವಂಥದ್ದಲ್ಲ.

ಮೊದಲ ದಿನ ನಾನೇ ತಪ್ಪಿದೆ; ಬರೆದಿಡುತ್ತೇನೆ.
ಬೋರ್ಡಿನ ಮೂಲೆಯಿಂದ ಆಚೆ ಗೋಡೆಯ ಬೋಲ್ಟಿಗೆ
ಎರಡು ಮೀಟರ್ ಹಸಿರು ತಂತಿ, ಅಂದವಾಗಿ, ಕ್ಲಿಪ್ಪು ಹೊಡೆದು.
ಮೀನು ಇಮ್ಮಡಿಯಾಯಿತು.
ತಂತಿ ದಾರಿಯಾಗಲಿಲ್ಲ, ಕಿವಿಯಾಯಿತು:
ಆಲ್ಟರ್ನೇಟರಿನ ಗೊಣಗು, ರೇಡಿಯೊದ ಸಿಡುಕು,
ಪಕ್ಕದ ದೋಣಿಯ ಪಂಪಿನ ಬಿಕ್ಕಳಿಕೆ,
ಊರ ಮಾತೆಲ್ಲ ಹೊತ್ತು ತಂದು
ಬಡಪಾಯಿ ಬೋರ್ಡಿನ ಎದೆಗೆ ಸುರಿಯಿತು.

ಎರಡನೆಯ ದಿನ ತಂತಿ ಕಿತ್ತು, ಪೆಟ್ಟಿಗೆ ಬಿಚ್ಚಿದೆ.
ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ಕಾಲು,
ನಾಲ್ಕು ತಿರುಪು, ನಾಲ್ಕೂ ಬಿಗಿ.
ಮೀಟರಿನ ಒಂದು ಮೊನೆ ಬೋರ್ಡಿಗೆ, ಒಂದು ಪೆಟ್ಟಿಗೆಯ ಬೋಲ್ಟಿಗೆ.
ಕೀ ಅನ್ನಬೇಕಿತ್ತು. ಅನ್ನಲಿಲ್ಲ.
ಇಷ್ಟು ಬಿಗಿಯಾಗಿ ತಬ್ಬಿಕೊಂಡೂ
ಮುಟ್ಟದೆ ಉಳಿದದ್ದು ಹೇಗೆ?

ಉಗುರಿನಿಂದ ಕೆರೆದೆ. ನೀಲಿ.
ಅದರಡಿ ಇನ್ನೊಂದು ನೀಲಿ. ಅದರಡಿ ಬಿಳಿಯ ಪ್ರೈಮರು.
“ಮಾರ್ಯುನ್,” ಎಂದ ಹೊಗ್ನಿ, ನನ್ನ ಮುಖ ನೋಡದೆ.
ಅವನ ಅಕ್ಕ. ಚಳಿಗಾಲವಿಡೀ
ಕೋಳಿಗೂಡು, ಹುಟ್ಟು, ಅಂಚೆಪೆಟ್ಟಿಗೆ,
ಕೈಗೆ ಸಿಕ್ಕಿದ್ದಕ್ಕೆಲ್ಲ ಬಣ್ಣ ಬಳಿದವಳು.
ತಮ್ಮನ ಯಂತ್ರವನ್ನು ತುಕ್ಕು ತಿನ್ನಬಾರದೆಂದು
ಪೆಟ್ಟಿಗೆಯ ಒಳಗೂ, ಕಾಲೂರುವ ಜಾಗಕ್ಕೂ, ತಿರುಪಿನ ತೂತಿಗೂ
ಸಣ್ಣ ಕುಂಚದಲ್ಲಿ, ಉಸಿರು ಹಿಡಿದು, ಎರಡು ಸಲ.

ಏನು ಹೇಳಲಿ? ಇಷ್ಟು ಚೆಂದದ ಕೆಲಸ
ನಾನೆಂದೂ ಮಾಡಿದ್ದಿಲ್ಲ.

ಮರಳುಕಾಗದ ತೆಗೆದು ನಾಲ್ಕು ಕಡೆ
ನಾಣ್ಯದಷ್ಟಗಲ ಉಜ್ಜಿದೆ. ಲೋಹ ಕಂಡಿತು,
ಹಕ್ಕಳೆ ಎದ್ದ ಮೇಲಿನ ಎಳೆ ಚರ್ಮದಂತೆ.
ಹಲ್ಲಿನ ವಾಷರು ಇಟ್ಟು ತಿರುಪು ತಿರುಗಿಸಿದೆ;
ಹಲ್ಲು ಕಚ್ಚುವ ಸದ್ದು ಬೆರಳಿಗೆ ಮಾತ್ರ ಕೇಳುತ್ತದೆ.
ಪೆಟ್ಟಿಗೆಯಿಂದ ದೋಣಿಯ ಉಕ್ಕಿಗೆ
ಹೆಣೆದ ತಾಮ್ರದ ಪಟ್ಟಿ, ಗೇಣುದ್ದ, ಅಗಲ,
ಸುತ್ತು ಬಳಸದ ಮಾತಿನ ಹಾಗೆ.
ಮೀಟರು ಕೀ ಅಂದಿತು.

ಕೊಲ್ಲಿ ದಾಟಿ ಹೋದೆವು, ಎಂಜಿನ್ ಪೂರ್ತಿ ಏರಿಸಿ.
ಪರದೆ ಕಪ್ಪು. ತಳದ ಒಂದು ಗೆರೆ ಬಿಟ್ಟರೆ ಏನಿಲ್ಲ.
ಹೊಗ್ನಿ ಬಹಳ ಹೊತ್ತು ನೋಡಿದ,
ನೆಂಟರೆಲ್ಲ ಹೊರಟುಹೋದ ಪಡಸಾಲೆಯಲ್ಲಿ ನಿಂತವನಂತೆ.
“ಹಾಗಾದರೆ ಇಲ್ಲಿ ಒಂದೂ ಇಲ್ಲ.”
“ಇಲ್ಲ.”
“ಸರಿ. ಇಲ್ಲದ್ದು ಇಲ್ಲ ಅಂತಾದರೂ ಆಯಿತಲ್ಲ,”
ಎಂದು ಟೋಪಿ ಕಿವಿಯವರೆಗೆ ಎಳೆದು ದೋಣಿ ತಿರುಗಿಸಿದ.

ಬಂದರಿನ ಕಟ್ಟೆಯ ಮೇಲೆ ಮಾರ್ಯುನ್,
ಕೈಯಲ್ಲಿ ಅದೇ ನೀಲಿ ಬಣ್ಣದ ಡಬ್ಬ.
“ಕೆರೆದೆಯಂತೆ.”
“ನಾಲ್ಕೇ ಕಡೆ. ಗ್ರೀಸು ಸವರಿದ್ದೇನೆ.
ಅಲ್ಲಿ ಮಾತ್ರ ಬೇಡ.”
ಅವಳು ಡಬ್ಬದ ಮುಚ್ಚಳ ಒತ್ತಿ ಮುಚ್ಚಿದಳು.
ತಡೆದು, ಮತ್ತೆ ತೆರೆದು, ಬಾಗಿ,
ದೋಣಿಯ ಅಂಚಿನಲ್ಲಿ ನನ್ನ ಏಣಿ ತರಚಿದ ಜಾಗಕ್ಕೆ
ಒಂದು ಎಳೆ ಹಚ್ಚಿದಳು.